ಬೇರಿನ ಶಿಲೀಂಧ್ರ: ಕೊಂಡು ಹಾಕೋದಾ, ಮಣ್ಣಲ್ಲೇ ಉಳಿಸಿಕೊಳ್ಳೋದಾ?

ಮೈಕೊರೈಜಾ, ಅಂದರೆ ಬೇರಿನ ಜೊತೆ ಸೇರಿ ಬದುಕುವ ಶಿಲೀಂಧ್ರ, ಅದರ ಪುಡಿ ಕೊಳ್ಳಬೇಕಾ, ಮಣ್ಣಲ್ಲಿ ಇರೋದೇ ಸಾಕಾ ಅಂತ ಕೇಳಿದ್ದೀರಿ. ಎರಡರ ಕೆಲಸವೂ ಒಂದೇ. ಬೇರು ಸಕ್ಕರೆ ಕೊಡುತ್ತದೆ. ಶಿಲೀಂಧ್ರದ ಎಳೆಗಳು ಬೇರಿಗೆ ಎಟುಕದ ಸಂದಿಗಳಿಂದ ರಂಜಕ, ಸತು, ನೀರು ತಂದುಕೊಡುತ್ತವೆ.

ಪುಡಿಗೆ ದುಡ್ಡು ಬೇಕು, ಇನ್ನೊಂದಕ್ಕೆ ತಾಳ್ಮೆ.

ಪುಡಿ ಬೇರಿಗೆ ತಾಗಲೇಬೇಕು. ಸುಮ್ನೆ ಮೇಲೆ ಎರಚಿದರೆ ದಂಡ. ಸಸಿ ನೆಡುವಾಗ ಗುಳಿಯಲ್ಲಿ, ಬೇರಿನ ಕೆಳಗೇ ಹಾಕಿ. ಅದರಲ್ಲಿರುವುದು ಜೀವ, ಅಲ್ವಾ? ಬಿಸಿಲಲ್ಲಿ ಇಡಬೇಡಿ, ಬಳಕೆಯ ಅವಧಿ ನೋಡಿ.

ಬಾಳಿಕೆಯ ಮಾತು ಬಂದರೆ ನನ್ನ ಒಲವು ಮಣ್ಣಿನದೇ ಶಿಲೀಂಧ್ರದ ಕಡೆ. ಅದು ಆ ನೆಲಕ್ಕೆ ಒಗ್ಗಿರುತ್ತದೆ. ಪದೇ ಪದೇ ಉಳುತ್ತಿದ್ದರೆ ಎಳೆಗಳು ತುಂಡಾಗುತ್ತವೆ. ಉಳುಮೆ ಕಡಿಮೆ ಮಾಡಿ, ನೆಲ ಬರಿದಾಗದಂತೆ ಏನಾದರೂ ಬೆಳೆಯುತ್ತಿರಿ. ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಅಂಥ ಮಣ್ಣಿನ ಹೆಂಟೆ ಹಿಸುಕಿದರೆ ಧೂಳಾಗದೆ ಕಾಳು ಕಾಳಾಗಿ ಉದುರುತ್ತದೆ.

ಟ್ರೇ, ಕುಂಡ, ಮೇಲ್ಮಣ್ಣು ಕೊಚ್ಚಿಹೋದ ಜಾಗ ಇದ್ದರೆ ಪುಡಿ ಹಾಕಿ. ಜೋಳ, ಬೇಳೆಕಾಳು ಬೆಳೆಯುತ್ತಲೇ ಬಂದ ಹೊಲಕ್ಕೆ ಅದು ಬೇಕಾಗುವುದು ಕಡಿಮೆ. ಮಣ್ಣಲ್ಲಿ ರಂಜಕ ಜಾಸ್ತಿಯಿದ್ದರೆ ಪುಡಿಯದೂ ಮಣ್ಣಿನದೂ ಎರಡೂ ಮಂಕು. ಎಲೆಕೋಸು, ಸಾಸಿವೆ, ಮೂಲಂಗಿಗಂತೂ ಪುಡಿ ಕೊಳ್ಳಲೇಬೇಡಿ. ಅವುಗಳ ಬೇರು ಈ ಶಿಲೀಂಧ್ರದ ಜೊತೆ ಸೇರುವುದಿಲ್ಲ.