ಐದು ವರ್ಷ ಬಳಸಿದ ಟವರ್ ಕೂಲರ್: ಸವೆದದ್ದು ಯಾವುದು, ಉಳಿದದ್ದು ಯಾವುದು

ವಸ್ತು: ಕಂಪ್ಯೂಟರ್‌ನ ಪ್ರಾಸೆಸರ್ ತಣಿಸುವ, ನಾಲ್ಕು ಹೀಟ್‌ಪೈಪ್ ಇರುವ ಸಿಂಗಲ್ ಟವರ್ ಏರ್ ಕೂಲರ್, 120 ಮಿ.ಮೀ. ಫ್ಯಾನ್ ಒಂದು
ಪ್ರಾಸೆಸರ್: ಎಎಂಡಿಯ ಎಎಂ4 ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರಾಸೆಸರ್ ಕೂರುವ ಜಾಗ), 105 ವಾಟ್ ದರ್ಜೆ
ಬಳಕೆ: ಐದು ವರ್ಷ, ದಿನವೂ

ಕೂಲರ್ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬ ಒಡೆದ ವಾರದಲ್ಲೇ ಬರೆದವು. ಆಗ ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹಸಿ, ಫ್ಯಾನ್ ಹೊಸದು, ಕ್ಯಾಬಿನೆಟ್ ಜಾಲರಿಯಲ್ಲಿ ಧೂಳಿನ ಸುಳಿವಿಲ್ಲ, ತಂಪಾಗದೆ ಇನ್ನೇನಾದೀತು? ತಲೆನೋವು ಶುರುವಾಗುವುದು ಮೂರ್ನಾಲ್ಕು ವರ್ಷ ಕಳೆದ ಮೇಲೆ. ಫ್ಯಾನ್ ಕೂಗತೊಡಗುತ್ತದೆ, ವಿಡಿಯೋ ರೆಂಡರ್ ನಿಧಾನವಾಗುತ್ತದೆ, ಗೇಮ್ ಮಧ್ಯೆ ತಡವರಿಸುತ್ತದೆ. ಕೂಲರ್ ಹಳತಾಯಿತು, ಇನ್ನೂ ದೊಡ್ಡದು ತರೋಣ ಎಂದು ಹೊರಡುವವರೇ ಹೆಚ್ಚು. ಈ ಖರ್ಚು ಬಹಳ ಸಲ ದಂಡ.

ಕೂಲರ್‌ನ ಲೋಹಕ್ಕೆ ಐದು ವರ್ಷ ಒಂದು ಲೆಕ್ಕವೇ ಅಲ್ಲ. ತಾಮ್ರದ ಹೀಟ್‌ಪೈಪಿನ ಒಳಗೆ ಇರುವುದು ತುಸುವೇ ನೀರು, ಒಳಗೋಡೆಗೆ ಅಂಟಿಸಿದ ತಾಮ್ರದ ಪುಡಿ. ಗಾಳಿ ಎಳೆದು ಬಾಯಿ ಮುಚ್ಚಿರುತ್ತಾರೆ. ಬುಡದಲ್ಲಿ ನೀರು ಆವಿಯಾಗಿ ಮೇಲೇರುತ್ತದೆ, ಮೇಲೆ ತಣಿದು ಪುಡಿಯ ಸಂದಿಗಳ ಮೂಲಕ ಮತ್ತೆ ಬುಡಕ್ಕೆ ಬರುತ್ತದೆ. ಪೈಪ್ ಸೀಳದ ಹೊರತು ಈ ಓಡಾಟ ನಿಲ್ಲುವುದಿಲ್ಲ. ಹಾಳಾಗುವುದು ಅದರ ಸುತ್ತಲಿನವು: ಪೇಸ್ಟ್, ಫ್ಯಾನಿನ ಬೇರಿಂಗ್, ಗಾಳಿಯ ದಾರಿ. ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಕಂಡುಹಿಡಿಯಬಹುದು.

ಮೊದಲು ಅಳತೆಯ ವಿಷಯ. ‘ಪ್ರಾಸೆಸರ್ 88 ಡಿಗ್ರಿ ತೋರಿಸುತ್ತಿದೆ’ ಎಂದಷ್ಟೇ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಕೋಣೆಯ ಬಿಸಿ ಎಷ್ಟು, ಆಗ ಪ್ರಾಸೆಸರ್ ಎಷ್ಟು ವಾಟ್ ಎಳೆಯುತ್ತಿತ್ತು, ಇವೆರಡೂ ಬೇಕು. ಪ್ರಾಸೆಸರ್‌ನ ಅಂಕಿ ಓದಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಲಿನಕ್ಸ್‌ನಲ್ಲಿ ‘ಸೆನ್ಸರ್ಸ್’ ಕಮಾಂಡ್ ಬಳಸಬಹುದು. ಲಿನಕ್ಸ್‌ನಲ್ಲಿ ವಾಟ್ ಓದಲು ಬೇರೆ ಟೂಲ್ ಬೇಕಾಗಬಹುದು. ಪ್ರಾಸೆಸರ್ ಅನ್ನು ಪೂರ್ತಿ ದುಡಿಸುವ ಸಿನೆಬೆಂಚ್‌ನಂಥ ಲೋಡ್ ಕೊಟ್ಟು 15 ನಿಮಿಷ ಓಡಿಸಿ, ಕೊನೆಯಲ್ಲಿ ನಿಂತ ಅಂಕಿ ಬರೆದುಕೊಳ್ಳಿ. ಅದರಿಂದ ಕೋಣೆಯ ಡಿಗ್ರಿ ಕಳೆದು, ವಾಟ್‌ನಿಂದ ಭಾಗಿಸಿ. ಉದಾಹರಣೆಗೆ ಕೋಣೆ 24, ಪ್ರಾಸೆಸರ್ 78, ವಿದ್ಯುತ್ 142 ವಾಟ್ ಎಂದುಕೊಳ್ಳಿ. ವ್ಯತ್ಯಾಸ 54, ಭಾಗಿಸಿದರೆ ವಾಟಿಗೆ 0.38 ಡಿಗ್ರಿ. ಬೇಸಿಗೆಯಲ್ಲಿ ಕೋಣೆಯೇ 34 ಆಗಿ, ಪ್ರಾಸೆಸರ್ 88ಕ್ಕೆ ಏರಿದರೂ ವ್ಯತ್ಯಾಸ ಅದೇ 54. ಕೂಲರ್‌ನಲ್ಲಿ ಏನೂ ಕೆಟ್ಟಿಲ್ಲ, ಋತು ಬದಲಾಗಿದೆ ಅಷ್ಟೆ. ಅದೇ 24ರ ಕೋಣೆಯಲ್ಲಿ 90 ಬಂದರೆ ಭಾಗಲಬ್ಧ 0.46 ದಾಟುತ್ತದೆ. ಆಗ ಹುಡುಕುವ ಕೆಲಸ ಇದೆ. ಹೊಸ ಕೂಲರ್ ಕೂರಿಸಿದ ದಿನವೇ ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿಡುವುದು ಒಳ್ಳೆಯದು. ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ಎಷ್ಟು ಬಿಸಿ ಅಪಾಯ ಎಂಬುದು ಚಿಪ್‌ಗೆ ತಕ್ಕಂತೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್‌ಗಳಿಗೆ ಮಿತಿ 100 ಡಿಗ್ರಿ, ಎಎಂಡಿಯ ರೈಜನ್ 5000 ಸಾಲಿನ ಹಲವಕ್ಕೆ 90, ರೈಜನ್ 7000 ಸಾಲಿನ ಹೆಚ್ಚಿನವಕ್ಕೆ 95. ಈ ಕೊನೆಯ ಸಾಲಿನ ದೊಡ್ಡ ಚಿಪ್‌ಗಳು ಪೂರ್ತಿ ಲೋಡ್‌ನಲ್ಲಿ 95 ಮುಟ್ಟುವಂತೆಯೇ ತಯಾರಾದವು. ಅಲ್ಲಿ 95 ಕಂಡ ತಕ್ಷಣ ಹೌಹಾರಬೇಕಿಲ್ಲ. ಕ್ಲಾಕ್, ಅಂದರೆ ಚಿಪ್ ಓಡುವ ವೇಗ, ಎಷ್ಟು ಕುಸಿದಿದೆ ಎಂದು ನೋಡಿ, ಅದು ಕಂಪನಿ ನಮೂದಿಸಿದ ಬೇಸ್ ಕ್ಲಾಕ್‌ಗಿಂತ ಕೆಳಗೆ ಇಳಿದಿದ್ದರೆ ಚಿಂತಿಸಿ.

ಇನ್ನು ಬಿಸಿ ಏರುವ ವೇಗ. ಐದು ವರ್ಷದ ಬಳಕೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪರೀಕ್ಷೆ ಇದೇ, ಯಾರೂ ಹೆಚ್ಚಾಗಿ ಹೇಳದ್ದೂ ಇದೇ. ಲೋಡ್ ಕೊಟ್ಟ ಎರಡು ಮೂರು ಸೆಕೆಂಡಿನಲ್ಲೇ ಅಂಕಿ ಮಿತಿಗೆ ಹಾರಿ ಅಲ್ಲೇ ಕೂತರೆ, ಬಿಸಿ ಚಿಪ್‌ನಿಂದ ಕೂಲರ್‌ಗೆ ದಾಟುತ್ತಲೇ ಇಲ್ಲ: ಪೇಸ್ಟ್ ಒಣಗಿದೆ, ಒಂದು ಸ್ಕ್ರೂ ಸಡಿಲಾಗಿದೆ, ಪ್ರಾಸೆಸರ್ ಜೊತೆಗೇ ಬರುವ ಇಂಟೆಲ್‌ನ ಸ್ಟಾಕ್ ಕೂಲರ್ ಆದರೆ ನಾಲ್ಕು ಪುಷ್ ಪಿನ್‌ಗಳಲ್ಲಿ ಒಂದು ಎದ್ದಿದೆ, ಹೊಸದಾಗಿ ಕೂರಿಸಿದ್ದಾದರೆ ಬುಡದ ಪ್ಲಾಸ್ಟಿಕ್ ಹಾಳೆ ಕಿತ್ತೇ ಇಲ್ಲ. ಆಗ ಕೂಲರ್‌ನ ರೆಕ್ಕೆಗಳನ್ನು (ಫ್ಯಾನಿನ ಎಲೆಗಳನ್ನಲ್ಲ, ಬಿಸಿ ಹೊರಬಿಡುವ ತೆಳು ಲೋಹದ ಹಾಳೆಗಳನ್ನು) ಮೇಲಿನಿಂದ ಬೆರಳಲ್ಲಿ ಮುಟ್ಟಿ ನೋಡಿ. ಪರದೆಯಲ್ಲಿ 95 ಇದೆ, ಬೆರಳಿಗೆ ರೆಕ್ಕೆ ತಣ್ಣಗಿದೆ. ಲೋಡ್ ನಿಲ್ಲಿಸಿದ ಕ್ಷಣಕ್ಕೆ ಅಂಕಿ 30–40 ಡಿಗ್ರಿ ದೊಪ್ಪನೆ ಬೀಳುತ್ತದೆ, ಏಕೆಂದರೆ ಲೋಹ ಬಿಸಿಯಾಗಿಯೇ ಇರಲಿಲ್ಲ. ಇದಕ್ಕೆ ಎಷ್ಟು ದೊಡ್ಡ ಕೂಲರ್ ತಂದರೂ ಪ್ರಯೋಜನವಿಲ್ಲ.

ಮೊದಲ ನಿಮಿಷ ಹದವಾಗಿದ್ದು, ಆಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಮೆಲ್ಲನೆ ಮೇಲೇರುತ್ತಾ ಹೋದರೆ ಕಥೆ ಬೇರೆ. ಪೇಸ್ಟ್ ಸರಿಯಿದೆ, ಬಿಸಿ ರೆಕ್ಕೆಗೆ ಬರುತ್ತಿದೆ. ಅಲ್ಲಿಂದ ಹೊರಗೆ ಹೋಗಲು ಗಾಳಿಗೆ ದಾರಿ ಇಲ್ಲ. ಪಕ್ಕದ ಬಾಗಿಲು ತೆಗೆದು ಅದೇ ಲೋಡ್ ಮತ್ತೆ ಓಡಿಸಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಕ್ಯಾಬಿನೆಟ್‌ನದು. ಒಂದೆರಡು ಡಿಗ್ರಿಯೂ ಇಳಿಯದಿದ್ದರೆ ಕೂಲರ್‌ನ ರೆಕ್ಕೆಗಳ ನಡುವೆ ನೋಡಿ.

ಒಂದು ಎಚ್ಚರಿಕೆ: ಈಗಿನ ಚಿಪ್‌ಗಳಲ್ಲಿ ಬಿಸಿ ಹುಟ್ಟುವ ಜಾಗ ಬಹಳ ಚಿಕ್ಕದು. ಹಾಗಾಗಿ ಬ್ರೌಸರ್ ತೆರೆದರೂ ಒಂದು ಸೆಕೆಂಡಿಗೆ 10–15 ಡಿಗ್ರಿ ಜಿಗಿದು ಇಳಿಯುವುದು ಸಹಜ. ಅದಕ್ಕೆ ತಕ್ಕಂತೆ ಫ್ಯಾನ್ ಗಳಿಗೆಗೊಮ್ಮೆ ಕೂಗಿ ಸುಮ್ಮನಾಗುವುದು ಕಿರಿಕಿರಿ. ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಾದ ಬಯಾಸ್‌ನ ಫ್ಯಾನ್ ಸೆಟ್ಟಿಂಗ್‌ನಲ್ಲಿ ವೇಗ ಏರುವ ಮೊದಲು 3ರಿಂದ 5 ಸೆಕೆಂಡ್ ಕಾಯುವಂತೆ ಮಾಡಿದರೆ ಅದು ನಿಲ್ಲುತ್ತದೆ.

ಧೂಳಿನಲ್ಲಿ ಹೆಚ್ಚಿನವರು ನೋಡುವುದು ಫ್ಯಾನಿನ ಎಲೆಗಳನ್ನು. ಅವುಗಳ ಮೇಲಿನ ಧೂಳು ನೋಡಲು ಕೊಳಕು, ಅಷ್ಟೇನೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ, ಹೊರಗಿನಿಂದ ಕಾಣದಂತೆ ಕೂತ ಪದರ. ತಂತಿಯ ಕ್ಲಿಪ್ ಬಿಡಿಸಿ ಫ್ಯಾನ್ ಈಚೆ ತೆಗೆದರೆ ಬೂದು ಬಣ್ಣದ ಕಂಬಳಿಯ ತುಂಡೊಂದನ್ನು ಅಳತೆಗೆ ಕತ್ತರಿಸಿ ಹೊದಿಸಿದಂತೆ ಕಾಣುತ್ತದೆ. ಒಂದು ಮೂಲೆ ಹಿಡಿದೆಳೆದರೆ ಇಡಿಯಾಗಿ ಸುಲಿದು ಬರುವುದೂ ಉಂಟು. ಆದ್ದರಿಂದ ಫ್ಯಾನ್ ಕಳಚದೆ ಮಾಡಿದ ಸ್ವಚ್ಛತೆ ಸ್ವಚ್ಛತೆಯಲ್ಲ. ಮೊದಲು ಪ್ಲಗ್ ಕಿತ್ತು ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿಯಿರಿ. ಏರ್ ಕ್ಯಾನ್ ಬಳಸುವುದಾದರೆ ನೆಟ್ಟಗೆ ಹಿಡಿಯಿರಿ, ಓರೆಯಾದರೆ ದ್ರವವೇ ಚಿಮ್ಮುತ್ತದೆ. ಬ್ಲೋವರ್ ಆಗಲಿ ಕ್ಯಾನ್ ಆಗಲಿ, ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಮಿತಿಮೀರಿ ತಿರುಗಿದರೆ ಬೇರಿಂಗ್‌ಗೆ ಪೆಟ್ಟು, ಜೊತೆಗೆ ತಿರುಗುವ ಮೋಟರ್ ತಾನೇ ವಿದ್ಯುತ್ ಹುಟ್ಟಿಸಿ ಮದರ್‌ಬೋರ್ಡ್ ಕಡೆಗೆ ತಳ್ಳಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಮೂತಿ ಬೋರ್ಡ್ ಹತ್ತಿರ ಬೇಡ, ಸ್ಟ್ಯಾಟಿಕ್ ವಿದ್ಯುತ್ತಿನ ಭಯ. ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ಗೆ ಹೊರಗಿನಿಂದ ಊದಿದರೆ ಸಾಕು. ಅದರ ಡಬ್ಬ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕರ ವೋಲ್ಟೇಜ್ ಉಳಿದಿರುತ್ತದೆ.

ಪೇಸ್ಟ್ ಬದಲಿಸುವಾಗ ಎಎಂ4 ಬಳಸುವವರಿಗೆ ಒಂದು ಗಂಡಾಂತರ ಕಾದಿದೆ. ಈ ಪ್ರಾಸೆಸರ್‌ನ 1331 ಪಿನ್‌ಗಳು ಚಿಪ್‌ನ ಹೊಟ್ಟೆಗೇ ಇವೆ, ಮೇಲಿನಿಂದ ಒತ್ತಿಹಿಡಿಯುವ ಚೌಕಟ್ಟು ಇಲ್ಲ. ಹಳೆಯ ಪೇಸ್ಟ್ ಅಂಟಿನಂತೆ ಗಟ್ಟಿಯಾಗಿದ್ದರೆ, ಕೂಲರ್ ನೇರ ಮೇಲೆತ್ತಿದಾಗ ಪ್ರಾಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಅದರ ಬುಡಕ್ಕೆ ನೇತಾಡಿಕೊಂಡು ಬರುತ್ತದೆ. ಪಿನ್ ಬಾಗುವುದು ಹೀಗೆ. ತೆಗೆಯುವ ಮೊದಲು ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿದ ಮೇಲೆ ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚುತ್ತಾ ಹೋಗಿ. ಹಿಡಿತ ಬಿಟ್ಟದ್ದು ಕೈಗೆ ತಿಳಿಯುತ್ತದೆ, ಆಮೇಲೆ ಎತ್ತಿ. ಎಎಂ5 ಮತ್ತು ಇಂಟೆಲ್‌ನ ಎಲ್‌ಜಿಎ ಸಾಕೆಟ್‌ಗಳಲ್ಲಿ ಪಿನ್ ಬೋರ್ಡ್ ಬದಿಗಿದ್ದು ಚೌಕಟ್ಟು ಚಿಪ್ ಅನ್ನು ಹಿಡಿದಿರುವುದರಿಂದ ಈ ಕಾಟ ಇಲ್ಲ.

ಹಳೆಯ ಪೇಸ್ಟ್ ಒರೆಸಲು 90 ಶೇಕಡಾ ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೊಹಾಲ್, ಎಳೆ ಬಿಡದ ಬಟ್ಟೆ. ಹೊಸ ಪೇಸ್ಟ್ ನಡುವೆ 4–5 ಮಿ.ಮೀ. ಅಗಲದ ಒಂದು ಬೊಟ್ಟು ಸಾಕು. ಎಲ್‌ಜಿಎ 1700ರಂಥ ಉದ್ದನೆಯ ಚಿಪ್‌ಗೆ ಅಡ್ಡಡ್ಡ ಗುಣಿಸು ಗುರುತಿನಂತೆ ಎರಡು ಗೆರೆ ಎಳೆದರೆ ಮೂಲೆಗಳಿಗೂ ತಲುಪುತ್ತದೆ. ತುಸು ಹೆಚ್ಚಾದರೆ ಅಂಚಿನಿಂದ ಹೊರಬರುತ್ತದೆ, ಕಡಿಮೆಯಾದರೆ ಚಿಪ್‌ನ ಒಂದು ಭಾಗ ಬೇಯುತ್ತದೆ. ಎರಡರಲ್ಲಿ ಹೆಚ್ಚಾಗುವುದೇ ವಾಸಿ. ಸ್ಕ್ರೂಗಳನ್ನು ಎದುರುಬದುರು ಜೋಡಿಯಾಗಿ, ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು ಎಂಬಂತೆ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪೇಸ್ಟ್ ಇನ್ನೊಂದು ಕಡೆಗೆ ಸರಿದುಹೋಗುತ್ತದೆ. ಹೇಗೆ ಹರಡಿದೆ ನೋಡೋಣ ಎಂದು ಕೂಲರ್ ಎತ್ತಿದಿರೋ, ಅದೇ ಪೇಸ್ಟ್ ಮೇಲೆ ಮತ್ತೆ ಕೂರಿಸುವಂತಿಲ್ಲ. ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಒರೆಸಿ ಹೊಸದಾಗಿ ಹಚ್ಚಿ.

ಕೂಲರ್ ಶುದ್ಧವಾಗಿದೆ, ಪೇಸ್ಟ್ ಹೊಸದು, ಆದರೂ ಬಿಸಿ ಎನ್ನುವವರು ವಾಟ್ ನೋಡಬೇಕು. ಡಬ್ಬದ ಮೇಲಿನ ವಾಟ್‌ಗೂ ಪ್ರಾಸೆಸರ್ ಎಳೆಯುವ ವಾಟ್‌ಗೂ ಅಜಗಜಾಂತರ. ಇಂಟೆಲ್ ಐ7-12700ರ ಬೇಸ್ 65 ವಾಟ್, ಟರ್ಬೊದಲ್ಲಿ, ಅಂದರೆ ವೇಗ ಮೇಲಕ್ಕೆ ಏರಿದಾಗ, ಅದು 180 ವಾಟ್‌ವರೆಗೆ ಹೋಗುತ್ತದೆ. ಹಲವು ಮದರ್‌ಬೋರ್ಡ್‌ಗಳು ಆ ಟರ್ಬೊಗೆ ಸಮಯದ ಮಿತಿಯನ್ನೂ ಇಡುವುದಿಲ್ಲ. ಎಎಂ4ನ 105 ವಾಟ್ ದರ್ಜೆಯ ಚಿಪ್‌ಗೆ ಸಾಕೆಟ್ ಮಿತಿ 142 ವಾಟ್. ಬಯಾಸ್‌ನಲ್ಲಿ ಇಕೋ ಮೋಡ್‌ಗೆ ಬದಲಿಸಿದರೆ ಅದು 88ಕ್ಕೆ ಇಳಿಯುತ್ತದೆ. ಮೇಲಿನ 0.38ರ ಲೆಕ್ಕ ಹಿಡಿದರೆ ಅಷ್ಟರಿಂದಲೇ 20 ಡಿಗ್ರಿ ಕಡಿಮೆ. ಎಲ್ಲ ಕೋರ್ ದುಡಿಯುವ ಕೆಲಸದಲ್ಲಿ ವೇಗ ಸ್ವಲ್ಪ ತಗ್ಗುತ್ತದೆ, ದಿನನಿತ್ಯದ ಬಳಕೆಯಲ್ಲಿ ಗೊತ್ತೂ ಆಗುವುದಿಲ್ಲ. ಹಣ ಕೊಡದೆ ಸಿಗುವ ಪರಿಹಾರಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಕ್ಯಾಬಿನೆಟ್ ಫ್ಯಾನ್‌ಗಳ ದಿಕ್ಕು ತಪ್ಪಿದ್ದರೂ ಇದೆಲ್ಲ ವ್ಯರ್ಥ. ಮೋಟರ್ ಹಿಡಿದ ಅಡ್ಡಪಟ್ಟಿ ಇರುವ ಬದಿಯಿಂದ ಗಾಳಿ ಹೊರಬರುತ್ತದೆ, ತೆರೆದ ಬದಿ ಒಳಗೆಳೆಯುತ್ತದೆ. ಮುಂದಿನವು ಒಳಕ್ಕೆ, ಹಿಂದಿನದು ಹೊರಕ್ಕೆ, ಕೂಲರ್ ಫ್ಯಾನ್ ಹಿಂದಕ್ಕೆ ತಳ್ಳುವಂತೆ.

ಕೂಲರ್‌ನದಲ್ಲದ ತಪ್ಪನ್ನು ಕೂಲರ್ ಮೇಲೆ ಹೊರಿಸುವುದೂ ಉಂಟು. ಪ್ರಾಸೆಸರ್ ಬಿಸಿಯಾದರೆ ಮೊದಲು ಕ್ಲಾಕ್ ಇಳಿಸಿಕೊಂಡು ಒದ್ದಾಡುತ್ತದೆ. ಏನೂ ಸೂಚನೆ ಇಲ್ಲದೆ, 70ರ ಆಸುಪಾಸಿನಲ್ಲೇ ಕಂಪ್ಯೂಟರ್ ಫಟ್ಟೆಂದು ಆರಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ. ಗೇಮ್‌ನಲ್ಲಿ ಮಾತ್ರ ತೊಂದರೆಯಾದರೆ ಗ್ರಾಫಿಕ್ಸ್ ಕಾರ್ಡ್‌ನ ಹಾಟ್‌ಸ್ಪಾಟ್ (ಅತಿ ಬಿಸಿಯಾದ ಜಾಗ) ಅಂಕಿ ನೋಡಿ. ಸಾಮಾನ್ಯ ಅಂಕಿಗಿಂತ ಅದು 10–20 ಡಿಗ್ರಿ ಹೆಚ್ಚಿರುವುದು ಸರಿ. ವ್ಯತ್ಯಾಸ 30 ದಾಟಿದರೆ ಅಲ್ಲಿಯ ಪೇಸ್ಟ್ ಬಿಸಿ-ತಂಪಿನ ಹಿಗ್ಗು ಕುಗ್ಗಿಗೆ ಅಂಚಿಗೆ ಸರಿದಿರಬಹುದು.

ದೂರುಗಳೂ ಇವೆ. 120 ಮಿ.ಮೀ. ಟವರ್‌ಗಳು ಸಾಮಾನ್ಯವಾಗಿ 155–160 ಮಿ.ಮೀ. ಎತ್ತರ, ತೆಳ್ಳನೆ ಕ್ಯಾಬಿನೆಟ್‌ಗಳ ಬಾಗಿಲು ಮುಚ್ಚುವುದಿಲ್ಲ; ಕೊಳ್ಳುವ ಮೊದಲು ಅಳೆಯಿರಿ. ಫ್ಯಾನ್ ಮೊದಲ ರ‍್ಯಾಮ್ ಸ್ಲಾಟ್ ಮೇಲೆ ಚಾಚಿಕೊಂಡು, ಎತ್ತರದ ಹೀಟ್‌ಸಿಂಕ್ ಇರುವ ರ‍್ಯಾಮ್‌ಗೆ ತಾಗುತ್ತದೆ. ತಂತಿ ಕ್ಲಿಪ್‌ಗಳಂತೂ ಬೆರಳಿನ ಶತ್ರು. 142 ವಾಟ್‌ವರೆಗೆ ಇದು ನೆಮ್ಮದಿಯಾಗಿ ನಿಭಾಯಿಸುತ್ತದೆ, 200 ದಾಟುವ ಚಿಪ್‌ಗೆ ಡ್ಯುಯಲ್ ಟವರ್ ಬೇಕು. ಹಾಗೆಂದು ಲಿಕ್ವಿಡ್ ಕೂಲರ್‌ಗೆ ಓಡಬೇಕಿಲ್ಲ: ಅದರ ಪಂಪ್ ಸವೆಯುತ್ತದೆ, ನೀರು ಕೊಳವೆಯ ಗೋಡೆಯ ಮೂಲಕವೇ ವರ್ಷವರ್ಷ ಇಷ್ಟಿಷ್ಟು ಆವಿಯಾಗಿ ಹೋಗುತ್ತದೆ, ಪಂಪ್ ಸತ್ತ ದಿನ ಇಡೀ ಕೂಲರ್ ಕಸ.

ಏರ್ ಕೂಲರ್‌ನಲ್ಲಿ ಕೆಟ್ಟು ಬದಲಿಸಬೇಕಾಗುವ ಭಾಗ ಫ್ಯಾನ್ ಒಂದೇ. ಸ್ಲೀವ್ ಬೇರಿಂಗ್ ಒಣಗಿದ ಲಕ್ಷಣ, ಬೆಳಿಗ್ಗೆ ಆನ್ ಮಾಡಿದಾಗ ಒಂದೆರಡು ನಿಮಿಷ ಗರಗರ, ಆಮೇಲೆ ಮೌನ. ಆ ಮೌನ ದಿನೇ ದಿನೇ ತಡವಾಗಿ ಬರುತ್ತದೆ. ಎಣ್ಣೆ ಬಿಟ್ಟರೆ ಕೆಲವು ವಾರ ಓಡೀತು, ಅಷ್ಟೆ. ಬದಲಿಗೆ ಕೊಳ್ಳುವಾಗ 120 ಮಿ.ಮೀ., 25 ಮಿ.ಮೀ. ದಪ್ಪ, ನಾಲ್ಕು ಪಿನ್ ಪಿಡಬ್ಲ್ಯೂಎಂ (ಬೋರ್ಡ್ ವೇಗ ಹೊಂದಿಸಬಲ್ಲ ಬಗೆ), ಫ್ಲೂಯಿಡ್ ಡೈನಾಮಿಕ್ ಬೇರಿಂಗ್, ಸ್ಟ್ಯಾಟಿಕ್ ಪ್ರೆಷರ್‌ಗೆಂದು, ಅಂದರೆ ಇಕ್ಕಟ್ಟಾದ ರೆಕ್ಕೆಗಳ ನಡುವೆ ಗಾಳಿ ತಳ್ಳಲೆಂದು ಮಾಡಿದ್ದು ಇರಲಿ. ಹಳೆಯ ಕ್ಲಿಪ್‌ಗಳು ಸ್ಕ್ರೂ ತೂತಿಗೆ ಕೊಕ್ಕೆ ಹಾಕುವ ಬಗೆಯವಾದರೆ, ಮೂಲೆಗಳು ಪೂರ್ತಿ ಮುಚ್ಚಿದ ಫ್ಯಾನ್‌ಗಳಿಗೆ ಅವು ಹಿಡಿಯದೇ ಇರಬಹುದು. ಆ ಮೂಲೆಯ ಆಕಾರ ನೋಡಿಕೊಂಡೇ ಆರಿಸಿ.