ಎರಡು ವರ್ಷ ಆಡಿದ ಪೋಕರ್ ಆಪ್: ಎಲೆಗಿಂತ ಮ್ಯೂಟ್ ಬಟನ್ನೇ ಮುಖ್ಯ

ಮೊದಲೇ ಹೇಳಿಬಿಡುತ್ತೇನೆ, ಪೋಕರ್ ಇಸ್ಪೀಟಾಟವಾದರೂ ಇದು ಕಾಸು ಕಟ್ಟಿ ಆಡುವ ಆಪ್ ಅಲ್ಲ. ಪಣಕ್ಕೆ ಇಡೋಕೆ ಬಿಟ್ಟಿ ಚಿಪ್ಸ್, ಅಂದರೆ ಆಟದ ಬಿಲ್ಲೆ ಕೊಡುತ್ತಾರೆ. ಸೋತು ಖಾಲಿಯಾದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ಕೊಡುತ್ತಾರೆ. ಕೋಟಿ ಗೆದ್ದರೂ ಅದರಲ್ಲಿ ಅರ್ಧ ಟೀ ಬರಲ್ಲ. ಎರಡು ವರ್ಷದಲ್ಲಿ ನಾನು ಖರ್ಚು ಮಾಡಿದ್ದು 89 ರೂಪಾಯಿ, ಅದೂ ಜಾಹೀರಾತು ತೆಗೆಸೋಕೆ. ಎಷ್ಟು ಎಂಬಿ, ಎಷ್ಟು ಬಗೆಯ ಟೇಬಲ್, ಇದೆಲ್ಲ ಡೌನ್‌ಲೋಡ್ ಮಾಡುವಾಗ ನೀವೇ ನೋಡಿರುತ್ತೀರಿ. ನನ್ನ ತಕರಾರು ಬೈಗುಳದ ಬಗ್ಗೆ. ಆಪ್ ಹೆಸರು ಹೇಳಲ್ಲ, ಆಡಿದವರಿಗೆ ಗೊತ್ತಾಗುತ್ತೆ.

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ರಾತ್ರಿ ಎಂಟೂವರೆಗೆ ಷಟರ್ ಎಳೆದು ನಿಟುವಳ್ಳಿಯ ಮನೆಗೆ ಬಂದು ಕೈಕಾಲು ತೊಳೆಯೋ ಹೊತ್ತಿಗೆ ಒಂಬತ್ತು. ಊಟಕ್ಕೆ ಮುಂಚೆ ಒಂದು ಬೋಗುಣಿ ಮಂಡಕ್ಕಿ ಆಗಲೇಬೇಕು. ಅದನ್ನು ನಾನೇ ಕಲೆಸುತ್ತೇನೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಚಮಚ ಶೇಂಗಾ ಎಣ್ಣೆ, ಮೇಲೆ ಪುಟಾಣಿ ಹಿಟ್ಟು. ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸುತ್ತೇನೆ. ಬಲಗೈ ಮಂಡಕ್ಕಿಗೆ, ಎಡಗೈ ಹೆಬ್ಬೆರಳು ಆಟಕ್ಕೆ. ಎಲೆ ಕೆಟ್ಟದಿದ್ದರೆ ಫೋಲ್ಡ್ ಒತ್ತಿ ಆ ಆಟ ಬಿಟ್ಟು ಒಂದು ಮುಕ್ಕು. ಪೋಕರ್‌ನಲ್ಲಿ ಕೆಟ್ಟ ಎಲೆಯೇ ಜಾಸ್ತಿ, ಹಾಗಾಗಿ ಮಂಡಕ್ಕಿ ಮೆತ್ತಗಾಗೋ ಮುಂಚೆ ಖಾಲಿಯಾಗುತ್ತದೆ.

ಒಂದು ದಿನ ನನಗೆ ಎರಡು ರಾಜ ಬಂದವು. ಎದುರಿನವನ ಹತ್ತಿರ ಎರಡು ಎಕ್ಕ. ಇಬ್ಬರೂ ಇದ್ದದ್ದನ್ನೆಲ್ಲ ಮುಂದೆ ತಳ್ಳಿದೆವು. ಲೆಕ್ಕದ ಪ್ರಕಾರ ನೂರಕ್ಕೆ 82 ಸಲ ಗೆಲ್ಲಬೇಕಾದವನು ಅವನೇ. ಮಧ್ಯೆ ಬಿಚ್ಚುವ ಐದು ಎಲೆಗಳಲ್ಲಿ ನಾಲ್ಕು ನನಗೆ ಏನೂ ಪ್ರಯೋಜನ ಇಲ್ಲ. ಐದನೆಯದು ಆಟೀನ್ ರಾಜ. ನನ್ನ ಮೂರು ರಾಜರ ಮುಂದೆ ಅವನ ಎರಡು ಎಕ್ಕ ಸೋತವು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ, ಮಂಡಕ್ಕಿ ತಿನ್ನುತ್ತಿದ್ದೆ. ಅವನು ಚಾಟ್‌ನಲ್ಲಿ ಬೈಯೋಕೆ ಶುರು ಮಾಡಿದ. ಮೊದಲು 'ಫಿಶ್', ಆಮೇಲೆ 'ಡಾಂಕಿ'. ದಡ್ಡ ಆಟಗಾರನಿಗೆ ಪೋಕರ್‌ನಲ್ಲಿ ಹೀಗನ್ನೋದು ಮಾಮೂಲಿ, ಬೇಜಾರಿಲ್ಲ. ಆದರೆ ಅಲ್ಲಿಂದ ನಮ್ಮ ಭಾಷೆಗೇ ಇಳಿದ. ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡ ಬೈಗುಳ. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಾ ಕೂತಿದ್ದ ಮಗಳು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದೋದು ಈಗಷ್ಟೇ ಬಂದಿದೆ, ಕಂಡಿದ್ದನ್ನೆಲ್ಲ ಓದುವ ಹುಮ್ಮಸ್ಸು. ಪರದೆ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಜೋಡಿಸಿ, ಮೂರನೇ ಪ್ರಯತ್ನಕ್ಕೆ ಇಡೀ ಪದ ಜೋರಾಗಿ ಹೇಳಿಯೇಬಿಟ್ಟಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯೋ ಸದ್ದು ನಿಂತಿತು.

"ಏನ್ರೀ ಅದು?"

ಅವತ್ತಿನಿಂದ ಹುಡುಕಿದ್ದು ಮ್ಯೂಟ್ ಬಟನ್. ಆಗ ಅದು ಹೇಗಿತ್ತು ಗೊತ್ತಾ? ಬೈಯುವವನ ಫೋಟೋ ಒತ್ತಬೇಕು, ಮೂಲೆಯ ಮೂರು ಚುಕ್ಕಿ ಒತ್ತಬೇಕು, ಮ್ಯೂಟ್ ಒತ್ತಬೇಕು, ಆಮೇಲೆ 'ಖಚಿತವೇ?' ಅಂತ ಕೇಳುತ್ತದೆ, ಹೌದಪ್ಪಾ ಅಂತ ಅದನ್ನೂ ಒತ್ತಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ. ನಮ್ಮ ಸರದಿಗೆ ಸಿಗೋದು 15 ಸೆಕೆಂಡ್. ಒಂದು ಸಲ ಹೀಗೇ ಒಬ್ಬನ ಬಾಯಿ ಮುಚ್ಚಿಸುತ್ತಿದ್ದಾಗ ನನ್ನ ಟೈಮ್ ಮುಗಿದು ಎಲೆ ತಾನಾಗೇ ಫೋಲ್ಡ್ ಆಯಿತು. ಯಾವ ಎಲೆ ಅಂತೀರಿ, ಎರಡು ರಾಣಿ! ಆ ಜೋಡಿ ಬರೋದು ಸರಾಸರಿ 221 ಸಲ ಹಂಚಿದರೆ ಒಂದು ಸಲ. ಬೈಗುಳಕ್ಕಿಂತ ಅದೇ ಜಾಸ್ತಿ ಉರಿಯಿತು.

ಕೆಟ್ಟ ಮಾತು ತಡೆಯೋಕೆ ಫಿಲ್ಟರ್ ಇದೆಯಂತೆ. ಇದೆ, ಆದರೆ ಅದಕ್ಕೆ ಬರೋದು ಇಂಗ್ಲಿಷ್ ಒಂದೇ. ಕನ್ನಡದಲ್ಲಿ ವಂಶವನ್ನೆಲ್ಲ ಎಳೆದರೂ ಸರಾಗವಾಗಿ ಬಿಡುತ್ತದೆ. ಒಬ್ಬರು ಪಾಪ ತಮ್ಮೂರು ಹಾಸನ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಳಗಿನ ಮೂರು ಅಕ್ಷರಕ್ಕೆ ನಕ್ಷತ್ರ ಹಾಕಿತು. ಅವರು ಮೂರು ಸಲ ಬರೆದರು, ಮೂರು ಸಲವೂ ನಕ್ಷತ್ರ. ಎದುರಿನವರು ಇವರೇನೋ ಬೈದರು ಅಂದುಕೊಂಡು ತಿರುಗಿ ಬೈದರು. ಇನ್ನು ದೂರು ಕೊಟ್ಟರೆ 'ಧನ್ಯವಾದ, ಪರಿಶೀಲಿಸುತ್ತೇವೆ' ಅಂತ ಒಂದು ಮೆಸೇಜು. ಹನ್ನೊಂದು ಸಲ ಕೊಟ್ಟಿದ್ದೇನೆ. ಬೈದವನು ಮಾರನೇ ದಿನ ಅದೇ ಹೆಸರಲ್ಲಿ ಹಾಜರ್.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ಕಾಸಿನ ಆಟ ನಿಂತಿತಲ್ಲ, ಆಮೇಲೆ ಈ ಬೈಗುಳ ಇನ್ನೂ ಹೆಚ್ಚಾಯಿತು ಅಂತ ನನ್ನ ಅನುಮಾನ. ಅಲ್ಲಿಂದ ಬಂದವರು ಲೆಕ್ಕ ಹಾಕಿ ಆಡುತ್ತಾರೆ. ಇಲ್ಲಿ ಎಲೆ ನೋಡದೆ ಆಲ್ ಇನ್ ಅಂತ ಇದ್ದದ್ದನ್ನೆಲ್ಲ ತಳ್ಳುವವರೇ ಜಾಸ್ತಿ. ಹೋಗೋದೇನು, ಬಿಟ್ಟಿ ಚಿಪ್ಸ್ ತಾನೇ? ಅಂಥವನ ಕೈಲಿ ಸೋತರೆ ಅವರಿಗೆ ಪಿತ್ತ ನೆತ್ತಿಗೇರುತ್ತದೆ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಬೈದವನಿಗೆ ಎಚ್ಚರಿಕೆ ಕೊಡುತ್ತಾರೆ, ಕೇಳದಿದ್ದರೆ ಒಂದು ಸುತ್ತು ಎಬ್ಬಿಸಿ ಹೊರಗೆ ನಿಲ್ಲಿಸುತ್ತಾರೆ. ಅಷ್ಟು ಹೊತ್ತೂ ಅವನ ಪಾಲಿನ ಬ್ಲೈಂಡ್, ಅಂದರೆ ಸರದಿ ಬಂದಾಗ ಎಲೆ ಹಂಚೋ ಮುಂಚೆಯೇ ಇಡಬೇಕಾದ ಚಿಪ್ಸ್, ಮಾತ್ರ ಕಟ್ಟಾಗುತ್ತಲೇ ಇರುತ್ತದೆ. ಇದಕ್ಕಿಂತ ಒಳ್ಳೆ ಮದ್ದು ಇಲ್ಲ. ಆಪ್‌ನಲ್ಲಿ ಇದನ್ನು ಮಾಡೋಕೆ ಏನು ಕಷ್ಟವೋ.

ಕಳೆದ ಅಪ್‌ಡೇಟ್‌ನಲ್ಲಿ ಎಲ್ಲರ ಚಾಟೂ ಒಟ್ಟಿಗೆ ಆಫ್ ಮಾಡುವ ಬಟನ್ ಕೊಟ್ಟರು. ಅಬ್ಬಾ, ಆ ಮೊದಲ ರಾತ್ರಿ! ಎಲೆ ಹಂಚುವ ಸರ್ ಸರ್ ಸದ್ದು, ಚಿಪ್ಸ್ ಬೀಳುವ ಟಿಕ್, ಅಷ್ಟೇ. ಆಗ ಒಂದು ಗಮನಕ್ಕೆ ಬಂತು. ಬೈಗುಳ ಕಾಣದಿದ್ದರೂ ಯಾರು ಬೈಯುತ್ತಿದ್ದಾನೆ ಅಂತ ಆಟದಲ್ಲೇ ಗೊತ್ತಾಗುತ್ತದೆ. ಸಿಟ್ಟಿನಲ್ಲಿ ಏಳು, ಎರಡರಂಥ ದರಿದ್ರ ಎಲೆ ಇಟ್ಟುಕೊಂಡೂ ಪಣ ಏರಿಸುತ್ತಾನೆ. ಪೋಕರ್‌ನವರು ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಮೊದಲೆಲ್ಲ ನಾನು ತಿರುಗಿ ಬೈದು ಅವನ ಜೊತೆ ನಾನೂ ಟಿಲ್ಟ್ ಆಗುತ್ತಿದ್ದೆ. ಈಗ ಒಳ್ಳೆ ಎಲೆ ಬರೋವರೆಗೂ ಸುಮ್ನೆ ಮಂಡಕ್ಕಿ ತಿನ್ನುತ್ತೇನೆ. ಅವನ ಚಿಪ್ಸ್ ತಾನಾಗೇ ಬರುತ್ತವೆ. ಒಂದೇ ಕಿರಿಕಿರಿ, ಟೇಬಲ್ ಬದಲಾದಾಗಲೆಲ್ಲ ಚಾಟ್ ಮತ್ತೆ ಆನ್ ಆಗುತ್ತದೆ. ದಿನಾ ಕೂತ ತಕ್ಷಣ ಮೊದಲು ಅದನ್ನು ಒತ್ತಬೇಕು.

ಒಂದು ರಾತ್ರಿ ಮರೆತೆ. ಮರೆತದ್ದೇ ಒಳ್ಳೆದಾಯಿತು. ಒಬ್ಬ ಕನ್ನಡದಲ್ಲಿ ಎಲ್ಲರಿಗೂ ಅರ್ಚನೆ ಮಾಡುತ್ತಿದ್ದ. ಟೇಬಲ್‌ನಲ್ಲಿ ಇನ್ನೊಬ್ಬರಿದ್ದರು, ಫೋಟೋ ಜಾಗದಲ್ಲಿ ಚಿತ್ರದುರ್ಗದ ಕೋಟೆ. ಅವರು ಕನ್ನಡ ಅಕ್ಷರದಲ್ಲೇ ಕೇಳಿದರು: "ಊಟ ಆಯ್ತೇನಪ್ಪಾ?" ಒಂದು ಆಟ ಪೂರ್ತಿ ಉತ್ತರ ಇಲ್ಲ. ಆಮೇಲೆ ಬಂತು: "ಇಲ್ಲ ಅಣ್ಣಾ. ನೈಟ್ ಶಿಫ್ಟು." "ಹೋಗಿ ಉಂಡು ಬಾ, ಎಲೆ ಎಲ್ಲೂ ಹೋಗಲ್ಲ." ಹುಡುಗ "ಸರಿ ಅಣ್ಣಾ" ಅಂತ ಬರೆದು ಎದ್ದು ಹೋದ. ನಾನು ಫೋನ್ ಹಿಡಿದು ನಗುತ್ತಾ ಕೂತಿದ್ದೆ, ನನ್ನ ಎಲೆ ಮತ್ತೆ ಫೋಲ್ಡ್.

ಆಮೇಲೆ ನಾನೂ ಇದನ್ನು ಕೇಳಿ ನೋಡಿದ್ದೇನೆ. ಹತ್ತು ಜನದಲ್ಲಿ ಮೂವರು ತಣ್ಣಗಾಗುತ್ತಾರೆ. ಉಳಿದವರು ನಮ್ಮ ಊಟವನ್ನೂ ಸೇರಿಸಿ ಬೈಯುತ್ತಾರೆ, ಅವರಿಗೆ ಮ್ಯೂಟೇ ಸರಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮ್ಯೂಟ್ ಒಮ್ಮೆ ಒತ್ತಿದರೆ ಹಾಗೇ ಉಳಿಯಲಿ, ಫಿಲ್ಟರ್‌ಗೆ ಒಂದಿಷ್ಟು ಕನ್ನಡ ಕಲಿಸಿ, ನಾಲ್ಕು ಕೊಡೋಣ. ಎದುರಿನವರ ಮುಖಕ್ಕೆ ಟೊಮೆಟೊ ಎಸೆಯುವ ಬಟನ್ ತೆಗೆಯಿರಿ ಅಂತ ಬಹಳ ಜನ ಬರೆದಿದ್ದಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಚಾಟ್ ಆಫ್ ಇದ್ದರೂ ಅದು ಕೆಲಸ ಮಾಡುತ್ತದೆ, ಮತ್ತೆ ಅದನ್ನು ಒತ್ತೋದು ಈಗ ನನ್ನ ಮಗಳ ಡ್ಯೂಟಿ.