ಕುದುರೆ ನಿಂತಿತ್ತೋ, ಕಾದಿತ್ತೋ: ಬಳ್ಳಾರಿಯ ಒಂದು ಬುರ್ರಕಥೆ ಓದು ತರಗತಿ

ವಾದ್ಯ ನುಡಿಸುತ್ತ ಕಥೆಯನ್ನು ಹಾಡಿ ಹೇಳುವ ಜನಪದ ಕಲೆಯಾದ ಬುರ್ರಕಥೆಯ ಹಾಡುಗಳನ್ನು ಸಾಹಿತ್ಯವೆಂದೇ ಓದಿಸುವ ತರಗತಿಯೊಂದು ನಮ್ಮೂರಿನಲ್ಲಿ ನಡೆಯಲಿದೆ ಎಂದು ತಿಳಿದಾಗ, ಎಂಟು ಭಾನುವಾರಗಳಿಗೆ 1,800 ರೂಪಾಯಿ ಶುಲ್ಕ ತುಸು ಹೆಚ್ಚೆನಿಸಿದರೂ ಸೇರಿಕೊಂಡೆ. ಮುಖ್ಯ ಕಾರಣ ದರೋಜಿ ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿಯವರಾದ, ಬುಡ್ಗಜಂಗಮ ಸಮುದಾಯದ ಈ ಹಾಡುಗಾರ್ತಿ ಅಕ್ಷರ ಕಲಿತವರಲ್ಲ. ಆದರೂ ಅವರ ನೆನಪಿನಲ್ಲಿದ್ದದ್ದು 12 ಜನಪದ ಮಹಾಕಾವ್ಯಗಳು. ಅಚ್ಚಿಗೆ ಇಳಿಸಿದರೆ ಸುಮಾರು 7,000 ಪುಟಗಳಷ್ಟು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತ್ತು. 2014ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನದಿಂದಲೂ, ಇದೇ ಜಿಲ್ಲೆಯಲ್ಲಿದ್ದೂ ಅವರ ಹಾಡನ್ನು ಒಮ್ಮೆಯೂ ಎದುರು ಕೂತು ಕೇಳಲಿಲ್ಲವಲ್ಲ ಎಂಬ ಕೊರಗು ನನಗಿತ್ತು.

ಮೊದಲ ಮೂರು ವಾರಗಳ ಪಾಠ ಚೆನ್ನಾಗಿತ್ತು. ಪಾಠ ಮಾಡಿದವರು ನಿವೃತ್ತ ಕನ್ನಡ ಉಪನ್ಯಾಸಕರು. ಓದಿಕೊಂಡವರು, ಮಾತು ಅಳತೆ ಮೀರದವರು. ಕುಮಾರರಾಮನ ಕಥೆಯನ್ನು ಹಿಡಿದು, ಕಂಪಿಲಿಯ ಅರಸ ಕಂಪಿಲರಾಯನ ಈ ಮಗ 14ನೆಯ ಶತಮಾನದ ಚರಿತ್ರೆಯಿಂದ ಹಾಡಿಗೆ ಹೇಗೆ ಬಂದ, ಅವನನ್ನು ಮೋಹಿಸಿದ ಮಲತಾಯಿ ರತ್ನಾಜಿಯ ಪ್ರಸಂಗ ಯುದ್ಧಕ್ಕಿಂತ ದೊಡ್ಡದಾಗಿ ಏಕೆ ಬೆಳೆಯಿತು ಎಂಬುದನ್ನು ಬಿಡಿಸಿ ಹೇಳಿದರು. ನಂಜುಂಡ ಕವಿಯ ಸಾಂಗತ್ಯದಲ್ಲಿಯೂ ಇದೇ ಕಥೆಯಿದೆ, ಸಾಂಗತ್ಯವೂ ಹಾಡಿಕೊಳ್ಳುವ ಮಟ್ಟೇ ಆಗಿದೆ. ಆದ್ದರಿಂದ ಒಂದನ್ನು ಕಾವ್ಯ, ಇನ್ನೊಂದನ್ನು ಬರೀ ಹಾಡು ಎಂದು ಬೇರ್ಪಡಿಸುವುದು ನಮ್ಮ ರೂಢಿಯ ದೋಷವೇ ಹೊರತು ಪದ್ಯಗಳ ದೋಷವಲ್ಲ ಎಂಬ ಅವರ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ.

ತಕರಾರಿರುವುದು ಕೈಗೆ ಕೊಟ್ಟ ಪಠ್ಯದ ಬಗ್ಗೆ. ಸ್ಪೈರಲ್ ಬೈಂಡಿಂಗ್ ಮಾಡಿದ 140 ಪುಟಗಳ ಜೆರಾಕ್ಸ್ ಪ್ರತಿ ನೋಡಲು ಅಚ್ಚುಕಟ್ಟಾಗಿದೆ. ಆದರೆ ಅದನ್ನು ಸಿದ್ಧಪಡಿಸಿದವರು ಹಾಡನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದ್ದಾರೆ. ಇದು ಎಷ್ಟು ದೊಡ್ಡ ನಷ್ಟ ಎಂಬುದು ತಿಳಿದದ್ದು ನಾಲ್ಕನೆಯ ವಾರ, ಸಂಡೂರಿನ ಕಡೆಯಿಂದ ವಯಸ್ಸಾದ ಹಾಡುಗಾರ್ತಿಯೊಬ್ಬರನ್ನು ಕರೆಸಿದಾಗ. ನಮ್ಮ ಪ್ರತಿಯ 62ನೆಯ ಪುಟದಲ್ಲಿ ‘ಕೋಟೆಯ ಬಾಗಿಲು ತೆರೆದಿದೆ, ಕುದುರೆ ಒಂಟಿಯಾಗಿ ನಿಂತಿದೆ’ ಎಂದು ಒಂದು ಸಾಲಿದ್ದು, ಮುಂದೆ ಕಂಸದಲ್ಲಿ ‘ಮೂರು ಸಲ’ ಎಂದು ಬರೆದಿತ್ತು. ಆ ಅವ್ವ ಹಾಡಿದ್ದು ಹೀಗೆ:

ಕ್ವಾಟಿ ಬಾಗಿಲ ತೆರದೈತಿ, ಕುದುರಿ ಒಂದ ನಿಂತೈತಿ
ಕ್ವಾಟಿ ಬಾಗಿಲ ತೆರದೈತಿ, ಕುದುರಿ ಒಂದ ನಿಂತೈತಿ
ಕ್ವಾಟಿ ಬಾಗಿಲ ತೆರದೈತಿ, ಕುದುರಿ ಒಂದ ಕಾದೈತಿ

‘ಐತಿ’ಯನ್ನು ‘ಇದೆ’ ಎಂದು ತಿದ್ದಿದ ಕೂಡಲೇ ದಿಮ್ಮಡಿ ವಾದ್ಯದ ಪೆಟ್ಟು ಬೀಳುವ ಜಾಗವೇ ಹೋಗುತ್ತದೆ. ಅದನ್ನಾದರೂ ಸಹಿಸಬಹುದು. ಮೂರನೆಯ ಸಲ ಒಂದೇ ಒಂದು ಪದ ಬದಲಾಗಿ, ಸುಮ್ಮನೆ ನಿಂತಿದ್ದ ಕುದುರೆ ಬಾರದ ಸವಾರನಿಗಾಗಿ ಕಾಯತೊಡಗಿದ್ದನ್ನು ‘ಮೂರು ಸಲ’ ಎಂಬ ಎರಡು ಪದಗಳು ನುಂಗಿಬಿಟ್ಟಿವೆ. ಅಷ್ಟೇ ಅಲ್ಲ, ‘ಕಾದು ಐತಿ’ ಎಂದು ಬಿಡಿಸಿದರೆ ಕುದುರೆ ದಾರಿ ಕಾಯ್ದಿದೆ, ಬಾಗಿಲು ಕಾಯ್ದಿದೆ ಎಂದೂ, ‘ಕಾದಿ ಐತಿ’ ಎಂದು ಬಿಡಿಸಿದರೆ ಯುದ್ಧ ಮಾಡಿ ಬಂದಿದೆ ಎಂದೂ ಆಗುತ್ತದೆ. ಆ ದಿನ ಉಳಿದ ಒಂದು ಗಂಟೆ ಇದರ ಮೇಲೆಯೇ ಚರ್ಚೆ ನಡೆಯಿತು. ಇಡೀ ತರಗತಿಯಲ್ಲಿ ನನ್ನ ದುಡ್ಡು ಸಂದದ್ದು ಆ ಒಂದು ಗಂಟೆಗೇ. ಎರಡರಲ್ಲಿ ಯಾವ ಅರ್ಥ ಎಂದು ಉಪನ್ಯಾಸಕರು ಅವ್ವನನ್ನೇ ಕೇಳಿದರು. “ಹಾಡೂವಾಗ ಬಂದೈತ್ರೀ ಸರ, ನಾಳಿಗೆ ಹಾಡಿದ್ರ ಬರ್ತೈತೋ ಇಲ್ಲೋ” ಎಂದು ಅವರು ಎಲೆಯಡಿಕೆಯ ಚೀಲ ಬಿಚ್ಚಿದರು.

ತೆಲುಗಿನ ವಿಷಯದಲ್ಲಿಯೂ ಇದೇ ಕಥೆ. ಮನೆಯಲ್ಲಿ ತೆಲುಗು, ಹಾಡಿನಲ್ಲಿ ಕನ್ನಡ ಎಂಬುದು ಬುಡ್ಗಜಂಗಮ ಸಮುದಾಯದಲ್ಲಿ ಸಹಜ, ಬಳ್ಳಾರಿಯ ಯಾವ ಪೇಟೆಯಲ್ಲಿ ನಿಂತರೂ ಎರಡೂ ಭಾಷೆ ಕಿವಿಗೆ ಬೀಳುತ್ತವೆ. ಪಠ್ಯದಲ್ಲಿ ಮಾತ್ರ ತೆಲುಗು ಮಾತುಗಳು ಬಂದಲ್ಲೆಲ್ಲ ಚುಕ್ಕೆಗಳನ್ನಿಟ್ಟು ಮುಂದೆ ಸಾಗಿದ್ದಾರೆ. ಗಡಿನಾಡಿನ ಕಾವ್ಯದಿಂದ ಗಡಿಯನ್ನೇ ತೆಗೆದರೆ ಓದುವುದು ಏನನ್ನು?

ಉಳಿದ ವ್ಯವಸ್ಥೆ ಸಾಧಾರಣ. ಸಭಾಂಗಣದಲ್ಲಿ ಎರಡೇ ಫ್ಯಾನು, ಅದೂ ಏಪ್ರಿಲ್‌ನಲ್ಲಿ. ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆರನೆಯ ವಾರ ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗಕ್ಕೆ ಕರೆದೊಯ್ಯುವುದಾಗಿ ಹೇಳಿ ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ಕುಮಾರರಾಮನ ಕೋಟೆಯ ಕಲ್ಲನ್ನು ಮುಟ್ಟಿ ಬಂದು ಆ ಸಾಲನ್ನು ಮತ್ತೊಮ್ಮೆ ಕೇಳಬೇಕೆಂಬ ಆಸೆಯಿದ್ದ ನನಗೆ, ಅದರ ಬದಲು ಪರದೆಯ ಮೇಲೆ ತೋರಿಸಿದ ಚಿತ್ರಗಳು ಸಮಾಧಾನ ಕೊಡಲಿಲ್ಲ.

ಹಾಗಿದ್ದರೂ ಸೇರಬಹುದೇ ಎಂದು ಕೇಳುವವರಿಗೆ ಸೇರಿ ಎಂದೇ ಹೇಳುತ್ತೇನೆ, ಆದರೆ ಶುಲ್ಕ ಕಟ್ಟುವ ಮುನ್ನ ಧ್ವನಿಮುದ್ರಣ ಕೊಡುತ್ತೀರಾ ಎಂದು ಕೇಳಿಕೊಳ್ಳಿ. ನಮಗೆ ಪೆನ್‌ಡ್ರೈವ್‌ನಲ್ಲಿ ಕೊಡುವುದಾಗಿ ಹೇಳಿದ್ದು ಇನ್ನೂ ಬಂದಿಲ್ಲ. ಸದ್ಯಕ್ಕೆ 62ನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡ ಮೂರು ಸಾಲುಗಳೇ ನನ್ನ ಬಳಿಯಿರುವ ಸರಿಯಾದ ಪಾಠ.